ಖಂಡಗಳು ಲಾವಾದ ಮೇಲೆ ತೇಲುತ್ತಿವೆಯೇ?

ಪ್ರಶ್ನೆ: ಭೂಮಿಯ ಮೇಲಿನ ಚಿಪ್ಪು ಮಾತ್ರ ಗಟ್ಟಿ, ಕೆಳಗೆಲ್ಲ ಕುದಿಯುವ ಲಾವಾ, ಅದರ ಮೇಲೆ ಖಂಡಗಳು ತೇಲುತ್ತಿವೆ ಎಂದು ಶಾಲೆಯಲ್ಲಿ ಕೇಳಿದ ನೆನಪು. ಹಾಗಿದ್ದರೆ ನಾವು ಮುಳುಗುವುದಿಲ್ಲವೇಕೆ?

ಉತ್ತರ: ತೇಲುತ್ತಿರುವುದು ನಿಜ. ಲಾವಾದ ಮೇಲೆ ಎಂಬುದು ಮಾತ್ರ ತಪ್ಪು. ನಮ್ಮ ಕಾಲಡಿಯಿಂದ ಸುಮಾರು 2,900 ಕಿಲೋಮೀಟರ್ ಆಳದವರೆಗೂ ಇರುವುದು ಬಹುಪಾಲು ಗಟ್ಟಿ ಕಲ್ಲೇ. ಚಿಪ್ಪಿನ ಕೆಳಗಿನ ಮ್ಯಾಂಟಲ್‌ಗೆ ಪುಸ್ತಕದ ಚಿತ್ರಗಳಲ್ಲಿ ಕಿತ್ತಳೆ ಬಣ್ಣ ಬಳಿದು ಬಳಿದು ಈ ಕಲ್ಪನೆ ಬೇರೂರಿದೆ. ಜ್ವಾಲಾಮುಖಿಗಳು ಅಪರೂಪಕ್ಕೆ ಹೊತ್ತು ತರುವ ಮ್ಯಾಂಟಲ್ ತುಣುಕನ್ನು ಕೈಯಲ್ಲಿ ಹಿಡಿದರೆ ಅದು ಹಸಿರು. ಆಲಿವೀನ್ ಹರಳುಗಳು ಒತ್ತೊತ್ತಾಗಿ ಕೂಡಿದ ಭಾರದ ಕಲ್ಲು.

ಅಲ್ಲಿಗೆ ಹೋಗಿ ನೋಡಿದವರಿಲ್ಲ. ಮನುಷ್ಯ ಕೊರೆದ ಅತ್ಯಂತ ಆಳದ ರಂಧ್ರ ರಷ್ಯಾದ ಕೋಲಾದ್ದು, 12,262 ಮೀಟರ್. ಭೂಮಿಯ ಕೇಂದ್ರವಿರುವುದು 6,371 ಕಿಲೋಮೀಟರ್ ಕೆಳಗೆ. ಒಳಗಿನ ಸುದ್ದಿ ತಂದುಕೊಟ್ಟದ್ದು ಭೂಕಂಪಗಳು. 1897ರ ಜೂನ್ 12ರಂದು ಅಸ್ಸಾಂ ನಡುಗಿದಾಗ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ ಅದರ ಅಧ್ಯಯನ ನಡೆಸಿದರು. ದೂರದ ಯೂರೋಪಿನ ಉಪಕರಣಗಳು ಗೀಚಿದ ಗೆರೆಗಳಲ್ಲಿ ಎರಡು ಬಗೆಯ ಅಲೆಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ಮೊದಲು ತಲುಪುವುದು ಮುಂದಕ್ಕೆ ತಳ್ಳುತ್ತ ಸಾಗುವ ಪಿ ಅಲೆ, ಹಿಂದೆ ಬರುವುದು ಅಡ್ಡಡ್ಡ ಕುಲುಕುವ ಎಸ್ ಅಲೆ. ಹಗ್ಗದ ತುದಿ ಹಿಡಿದು ಕುಲುಕಿದರೆ ಅಲೆ ಓಡುತ್ತದೆ. ದ್ರವಕ್ಕೆ ಆ ಬಿಗಿಯಿಲ್ಲ, ಹಾಗಾಗಿ ಎಸ್ ಅಲೆ ಅದರೊಳಗೆ ಸಾಗುವುದೇ ಇಲ್ಲ. ಮ್ಯಾಂಟಲ್‌ನ ಉದ್ದಕ್ಕೂ ಅದು ಸಲೀಸಾಗಿ ಸಾಗಿ, 2,900 ಕಿಲೋಮೀಟರ್ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಕೆಳಗೆ ಕರಗಿದ ಕಬ್ಬಿಣದ ಹೊರ ತಿರುಳು. ಅದರ ನಡುವೆ ಇನ್ನೊಂದು ಗಟ್ಟಿ ತಿರುಳಿದೆ ಎಂದು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್.

ಇಳಿದಷ್ಟೂ ಬಿಸಿ ಏರುತ್ತದಲ್ಲ, ಕಲ್ಲು ಕರಗಬೇಡವೇ? ಬಿಸಿ ಏರುವುದಂತೂ ಹೌದು. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ 3.2 ಕಿಲೋಮೀಟರ್ ಆಳದ ಬಂಡೆಯ ಬಿಸಿ 60 ಡಿಗ್ರಿ ಮೀರಿತ್ತು. ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಅದು 1,300 ಡಿಗ್ರಿಯ ಆಸುಪಾಸು. ಆದರೆ ಬಿಸಿಯ ಜೊತೆಗೆ ಒತ್ತಡವೂ ಏರುತ್ತದೆ, ಒತ್ತಡ ಕಲ್ಲನ್ನು ಕರಗಗೊಡುವುದಿಲ್ಲ. ಕುಕ್ಕರಿನೊಳಗೆ ನೂರು ಡಿಗ್ರಿ ದಾಟಿದರೂ ನೀರು ಕುದಿಯದೆ ನಿಂತಿರುತ್ತದೆ; ವೇಯ್ಟ್ ಎತ್ತಿದೊಡನೆ ಉಕ್ಕಿ ಕುದಿಯುತ್ತದೆ. ಕಲ್ಲಿನದೂ ಅದೇ ಕಥೆ. ಭೂಮಿಯ ಗಟ್ಟಿ ಹೊರಭಾಗ ಪ್ಲೇಟುಗಳೆಂಬ ಬೃಹತ್ ಹಲಗೆಗಳಾಗಿ ಒಡೆದಿದೆ. ಎರಡು ಪ್ಲೇಟುಗಳು ದೂರ ಸರಿದ ಕಡೆ ಮ್ಯಾಂಟಲ್ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ, ಆಗ ಒಂದಿಷ್ಟು ಪಾಲು ಕರಗಿ ಲಾವಾ ಆಗುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಆ ಆರುಮೂಲೆಯ ಕಲ್ಲಿನ ಕಂಬಗಳನ್ನು ಮುಟ್ಟಿ ನೋಡಿರುತ್ತೀರಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು, ತಣಿಯುತ್ತ ಬಿರಿದು ಕಂಬಗಳಾಗಿದೆ.

ಗಟ್ಟಿ ಕಲ್ಲು ಹರಿಯುವುದೆಂತು? ಗಂಗೋತ್ರಿಯ ಹಿಮನದಿಯನ್ನು ನೆನೆಯಿರಿ. ಮಂಜುಗಡ್ಡೆ ಗಟ್ಟಿ ಹರಳೇ, ಬಡಿದರೆ ಒಡೆಯುತ್ತದೆ, ಆದರೂ ತನ್ನ ಭಾರಕ್ಕೆ ತಾನೇ ಕಣಿವೆಯಲ್ಲಿ ಇಳಿಯುತ್ತಿರುತ್ತದೆ. ಬಿಸಿ ಮ್ಯಾಂಟಲ್ ಇನ್ನೂ ನಿಧಾನ. ಅದರ ಮೇಲೆ ಜಾರುತ್ತಿರುವ ಪ್ಲೇಟುಗಳು ಸುಮಾರು 100 ಕಿಲೋಮೀಟರ್ ದಪ್ಪ.

ಅವನ್ನು ನಡೆಸುವುದು ಬಹುಮಟ್ಟಿಗೆ ಅವುಗಳದೇ ಭಾರ. ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸೆನಿಸುವ ಸಂಗತಿ ಇದು. ಸಮುದ್ರದ ತಳ ಹಳತಾದಂತೆ ತಣಿದು ತೂಕವಾಗುತ್ತದೆ, ಕೊನೆಗೆ ಅಂಚಿನಲ್ಲಿ ಬಾಗಿ ಮ್ಯಾಂಟಲ್‌ನೊಳಗೆ ಮುಳುಗುತ್ತದೆ. ಮಂಚದ ಅಂಚಿನಿಂದ ಜೋತುಬಿದ್ದ ಕಂಬಳಿ ಉಳಿದದ್ದನ್ನೂ ಎಳೆದುಕೊಂಡು ಜಾರುವುದಿಲ್ಲವೇ, ಹಾಗೆ. ಹಿಂದೆ ಭಾರತಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಾಗರದ ತಳ ಏಷ್ಯಾದ ಅಡಿಗೆ ಹೀಗೇ ಇಳಿಯುತ್ತ ಭಾರತವನ್ನು ಹಿಂದೆ ಎಳೆದುಕೊಂಡು ಹೋಯಿತು, ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭೂಭಾಗಕ್ಕೆ ಭೂಭಾಗ ತಾಗಿತು. ಆಗ ಮುಳುಗುವ ಆಟ ನಡೆಯಲಿಲ್ಲ. ಖಂಡದ ಕಲ್ಲು ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಮ್ಯಾಂಟಲ್ 3.3 ಗ್ರಾಂ. ಹಗುರವಾದದ್ದು ಕೆಳಗಿಳಿಯಲೊಲ್ಲದೆ ಮಡಚಿ ಮೇಲೆದ್ದು ಹಿಮಾಲಯವಾಯಿತು.

ನಾವು ಮುಳುಗದಿರುವುದಕ್ಕೂ ಕಾರಣ ಈ ಹಗುರತನವೇ. ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದೇ ಅಪರೂಪ, ಮಿಕ್ಕದ್ದೆಲ್ಲ ಒಳಗಿಳಿದು ಹೋಗಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಬೆಳಗಿನ ವಾಯುವಿಹಾರಕ್ಕೆ ಬಂದವರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರದ ಲೆಕ್ಕದಂತೆ, ಬಂಡೆಯೂ ಕೂತವರೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದ್ದಾರೆ.