ನೋವೇ ಇಲ್ಲದ ಹಲ್ಲಿಗೆ ಕ್ಯಾಪ್ ಏಕೆ?

ಪ್ರಶ್ನೆ: ಕೆಳದವಡೆಯ ಹಿಂದಿನ ಹಲ್ಲಿಗೆ ಎರಡು ತಿಂಗಳ ಹಿಂದೆ ರೂಟ್ ಕೆನಾಲ್ ಮಾಡಿಸಿಕೊಂಡೆ. ನೋವು ಪೂರ್ತಿ ಹೋಗಿದೆ. ವೈದ್ಯರು ಮಾತ್ರ ಕ್ಯಾಪ್ ಹಾಕಿಸಿಕೊಳ್ಳಿ ಎಂದು ಹೇಳುತ್ತಲೇ ಇದ್ದಾರೆ. ಚೆನ್ನಾಗಿರುವ ಹಲ್ಲನ್ನು ಮತ್ತೆ ಸವೆಸಿ ಸಣ್ಣದು ಮಾಡಿಸಿಕೊಳ್ಳಲು ಮನಸ್ಸು ಬರುತ್ತಿಲ್ಲ. ಕ್ಯಾಪ್ ನಿಜಕ್ಕೂ ಬೇಕೇ?

ಉತ್ತರ: ಬಹುತೇಕ ಖಚಿತವಾಗಿ ಬೇಕು, ಅದೂ ಬೇಗ ಬೇಕು. ಮುಂದಿನ ಹಲ್ಲಾಗಿದ್ದರೆ ನನ್ನ ಉತ್ತರ ಬೇರೆಯಾಗಬಹುದಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಚೆನ್ನಾಗಿರುವ ಹಲ್ಲು’ ಎಂಬ ಮಾತು. ರೂಟ್ ಕೆನಾಲ್‌ನಲ್ಲಿ ಹಲ್ಲಿನೊಳಗಿನ ಸೋಂಕು ತಗುಲಿದ ಮೆತ್ತನೆಯ ಭಾಗವನ್ನು, ಅಂದರೆ ನರ ಮತ್ತು ರಕ್ತನಾಳಗಳಿರುವ ತಿರುಳನ್ನು ತೆಗೆದು, ಬೇರಿನ ಕೊಳವೆಗಳನ್ನು ತೊಳೆದು, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವಿನಿಂದ ಮುಚ್ಚುತ್ತಾರೆ. ಸೋಂಕು ಹೋಯಿತು, ನೋವೂ ಹೋಯಿತು. ಜೊತೆಗೆ ಮುನ್ನೆಚ್ಚರಿಕೆ ಕೊಡುತ್ತಿದ್ದ ನರವೂ ಹೋಯಿತು. ಕೂಗಿ ಎಬ್ಬಿಸುವವರಿಲ್ಲದ ಮನೆಗೆ ಕಳ್ಳ ನುಗ್ಗಿದರೆ ಬೆಳಗಾಗುವ ತನಕ ಗೊತ್ತೇ ಆಗುವುದಿಲ್ಲ. ಇನ್ನು ಮುಂದೆ ಆ ಹಲ್ಲಿಗೆ ಹುಳುಕು ಹಿಡಿದರೂ ತಣ್ಣನೆಯ ನೀರು ತಾಗಿದಾಗ ಜುಂ ಎನ್ನುವುದಿಲ್ಲ. ಆದ್ದರಿಂದ ನೋವಿಲ್ಲ ಎಂಬುದನ್ನು ಹಲ್ಲು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ ಎಂದುಕೊಳ್ಳಬೇಡಿ.

ಹಾಗಾದರೆ ಅದು ಗಟ್ಟಿಯಾಗಿ ಉಳಿದಿಲ್ಲವೇ? ರಕ್ತ ಪೂರೈಕೆ ನಿಂತ ಮೇಲೆ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಮುರಿಯುತ್ತದೆ ಎಂದು ಹಲವರು ಹೇಳುತ್ತಾರೆ. ಈ ವಿವರಣೆ ಅಷ್ಟಾಗಿ ನಿಲ್ಲುವುದಿಲ್ಲ. ಮುಖ್ಯ ಕಾರಣ ಹಲ್ಲಿನ ಗೋಡೆಗಳು ಕಳೆದುಹೋಗಿರುವುದು. ದವಡೆ ಹಲ್ಲಿನ ಮೇಲ್ಭಾಗವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ: ನಾಲ್ಕೈದು ದಿಬ್ಬ, ನಡುವೆ ತಗ್ಗು, ಪಕ್ಕದ ಹಲ್ಲುಗಳಿಗೆ ತಾಗುವ ಎರಡೂ ಬದಿಯಲ್ಲಿ ಕೆರೆ ಏರಿಯಂತೆ ಒಂದೊಂದು ದಂಡೆ. ಕೆನ್ನೆ ಬದಿಯ ದಿಬ್ಬಗಳನ್ನೂ ನಾಲಿಗೆ ಬದಿಯ ದಿಬ್ಬಗಳನ್ನೂ ಬಿಗಿದು ಹಿಡಿದಿರುವುದು ಆ ದಂಡೆಗಳೇ. ಸಣ್ಣ ದವಡೆ ಹಲ್ಲುಗಳನ್ನಿಟ್ಟುಕೊಂಡು ಮಾಡಿದ, 1989ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದನ್ನು ದಂತವೈದ್ಯರು ಇವತ್ತಿಗೂ ನೆನೆಯುತ್ತಾರೆ. ರೂಟ್ ಕೆನಾಲ್‌ಗಾಗಿ ಕೊರೆದ ರಂಧ್ರವೊಂದರಿಂದ ಹಲ್ಲಿನ ಬಿಗುವು ಕುಗ್ಗಿದ್ದು ಶೇ 5ರಷ್ಟು ಮಾತ್ರ. ಮೇಲ್ಭಾಗದ ನಡುವೆ ಫಿಲ್ಲಿಂಗ್‌ಗೆಂದು ಗುಳಿ ತೋಡಿದಾಗ ಶೇ 20. ಎರಡೂ ದಂಡೆಗಳು ಹೋದ ಮೇಲೆ ಶೇ 63.

ಈ ಅಂಕಿಗಳನ್ನು ಓದಿದರೆ ರೂಟ್ ಕೆನಾಲ್ ಮೇಲೆ ಹೊರಿಸುವ ಅಪವಾದ ಎಷ್ಟು ತಪ್ಪೆಂದು ತಿಳಿಯುತ್ತದೆ. ಹಲ್ಲನ್ನು ದುರ್ಬಲಗೊಳಿಸಿದ್ದು ಅದಕ್ಕೂ ಮುಂಚಿನ ಹುಳುಕು, ಹಳೆಯ ದೊಡ್ಡ ಫಿಲ್ಲಿಂಗ್, ಒಡೆದ ಅಂಚು. ನರದ ತನಕ ಹುಳುಕು ಇಳಿದಿತ್ತೆಂದರೆ ದಾರಿಯಲ್ಲಿ ಅದು ಎಷ್ಟೋ ಗೋಡೆಯನ್ನು ತಿಂದೇ ಇಳಿದಿರುತ್ತದೆ.

ಉಳಿದ ಗೋಡೆಗಳ ಮೇಲೆ ಬೀಳುವ ಭಾರ ಸಣ್ಣದಲ್ಲ. ಜೋರಾಗಿ ಕಚ್ಚಿದಾಗ ಹಿಂದಿನ ದವಡೆ ಹಲ್ಲುಗಳ ಮೇಲೆ 50 ಕಿಲೋ ಭಾರಕ್ಕೆ ಸಮನಾದ, ಕೆಲವರಲ್ಲಿ ಅದಕ್ಕಿಂತ ಹೆಚ್ಚಿನ ಒತ್ತಡ ಬೀಳುತ್ತದೆ. ಎದುರು ಹಲ್ಲಿನ ದಿಬ್ಬ ಈ ಹಲ್ಲಿನ ತಗ್ಗಿನೊಳಗೆ ಇಳಿದು, ಕಟ್ಟಿಗೆ ಸೀಳುವ ಬೆಣೆಯಂತೆ ಎರಡು ಬದಿಯ ಗೋಡೆಗಳನ್ನು ಹೊರಕ್ಕೆ ದೂಡುತ್ತದೆ. ದಿನಕ್ಕೆ ನೂರಾರು ಸಲ. ಗಟ್ಟಿ ಗೋಡೆಗಳು ತಡೆಯುತ್ತವೆ, ತೆಳುವಾದವುಗಳಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಕೆಳಕ್ಕೆ ಹರಿಯುತ್ತದೆ. ಒಂದು ದಿನ, ಗಟ್ಟಿಯಾದದ್ದು ಏನನ್ನೂ ತಿನ್ನದಿದ್ದಾಗಲೂ, ಟಕ್ ಎಂದು ಗೋಡೆಯೊಂದು ಕಳಚಿಕೊಳ್ಳುತ್ತದೆ. ಒಸಡಿನ ಮೇಲೆಯೇ ಮುರಿದರೆ ಅದೃಷ್ಟ, ಏನಾದರೂ ದಾರಿ ಉಳಿದಿರುತ್ತದೆ. ಬಿರುಕು ಬೇರಿಗೆ ಇಳಿದು ಹಲ್ಲು ಎರಡು ಹೋಳಾದರೆ ಕೀಳುವುದೊಂದೇ ಉಳಿಯುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಲವು ಸಲ ಕುರ್ಚಿಯ ಮೇಲೆ ಬಾಯಿ ತೆರೆದು ಕೂತು ಉಳಿಸಿಕೊಂಡ ಹಲ್ಲು ಕ್ಯಾಪ್‌ಗೆ ತಡಮಾಡಿದ್ದರಿಂದ ಹೀಗೆ ಕೈಬಿಡುವುದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಅದನ್ನು ತಪ್ಪಿಸಬಹುದಿತ್ತಲ್ಲ ಎಂಬುದೇ ಆ ಸಂಕಟ.

ಕ್ಯಾಪ್ ಇದನ್ನು ತಡೆಯುವ ಬಗೆ ತಿಳಿಯಬೇಕಾದರೆ ಬಡಗಿಯ ಉಳಿಯನ್ನು ನೋಡಿ. ಮರದ ಹಿಡಿಯ ತುದಿಗೆ ಒಂದು ಲೋಹದ ಬಳೆ ತೊಡಿಸಿರುತ್ತಾರೆ. ಕೊಡತಿಯಿಂದ ಎಷ್ಟು ಹೊಡೆದರೂ ಹಿಡಿ ಸೀಳದಿರುವುದು ಆ ಬಳೆಯಿಂದ. ಕ್ಯಾಪ್ (ಕ್ರೌನ್ ಅನ್ನುವುದೂ ಇದನ್ನೇ) ಹಲ್ಲಿನ ಸುತ್ತ ಅಂಥದೇ ಬಳೆ. ಮೇಲ್ಭಾಗವನ್ನೂ ಮುಚ್ಚುವುದರಿಂದ ಬೆಣೆಯ ಹೊಡೆತ ಗೋಡೆಗಳನ್ನು ಅಗಲಿಸದೆ ಕೆಳಗಿನ ಬೇರಿಗೆ ಇಳಿಯುತ್ತದೆ. ಆದರೆ ಬಳೆ ಹಿಡಿಯಲು ಮರ ಇರಬೇಕು. ಒಸಡಿನಿಂದ ಮೇಲೆ ಸುತ್ತಲೂ ಕನಿಷ್ಠ 1.5ರಿಂದ 2 ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲು ಉಳಿದಿದ್ದರೆ ಕ್ಯಾಪ್ ಚೆನ್ನಾಗಿ ಬಾಳುತ್ತದೆ. ಕ್ಯಾಪ್‌ನ ಆಯುಷ್ಯವನ್ನು ನಿರ್ಧರಿಸುವುದರಲ್ಲಿ ಅದರ ಬೆಲೆ, ಬಣ್ಣ, ಹೆಸರಿಗಿಂತ ಈ 2 ಮಿಲಿಮೀಟರ್‌ಗೇ ದೊಡ್ಡ ಪಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಹಲ್ಲು ತೀರಾ ಮೊಂಡಾಗಿದ್ದರೆ ಬೇರಿನೊಳಗೆ ಪೋಸ್ಟ್ ಎಂಬ ಸಣ್ಣ ಕಡ್ಡಿ ನೆಟ್ಟು ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಪೋಸ್ಟ್ ಹಾಕಿದರೆ ಬೇರು ಬಲವಾಗುತ್ತದೆ ಎಂಬ ನಂಬಿಕೆ ತಪ್ಪು. ಅದು ಮೇಲೆ ಕಟ್ಟಿದ್ದನ್ನು ಹಿಡಿದುಕೊಳ್ಳುವ ಗೂಟ ಅಷ್ಟೆ. ಗೂಟಕ್ಕಾಗಿ ಬೇರನ್ನು ಅತಿಯಾಗಿ ಕೊರೆದರೆ ಬೇರೇ ಸೀಳಬಹುದು.

ಬೇಗ ಎಂದು ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ರೂಟ್ ಕೆನಾಲ್ ಮುಗಿದ ದಿನ ಮೇಲೆ ಹಾಕಿದ್ದು ತಾತ್ಕಾಲಿಕ ಫಿಲ್ಲಿಂಗ್ ಆಗಿದ್ದರೆ ಅದು ಕೆಲವು ವಾರಗಳಿಗೆಂದು ಮಾಡಿದ ವಸ್ತು. ಸವೆದು, ಅಂಚಿನಲ್ಲಿ ಬಿಟ್ಟುಕೊಂಡು, ಎಂಜಲು ಒಳಕ್ಕೆ ಜಿನುಗಲು ಶುರುವಾದರೆ ಅದರೊಡನೆ ಬ್ಯಾಕ್ಟೀರಿಯಾಗಳೂ ಶುಚಿ ಮಾಡಿದ ಕೊಳವೆಗಳಿಗೆ ಮರಳುತ್ತವೆ. ಆಗ ಇಡೀ ರೂಟ್ ಕೆನಾಲನ್ನು ಮತ್ತೆ ಮಾಡಬೇಕಾಗಬಹುದು. ನಿಮ್ಮ ಹಲ್ಲಿನ ಮೇಲಿರುವುದು ತಾತ್ಕಾಲಿಕವೋ ಕಾಯಮ್ಮೋ, ಮೊದಲು ಅದನ್ನು ಕೇಳಿಕೊಳ್ಳಿ.

ಈಗ ಮುಂದಿನ ಹಲ್ಲುಗಳ ವಿಷಯ. ಬಾಚಿ ಹಲ್ಲು, ಕೋರೆ ಹಲ್ಲುಗಳಿಗೆ ಬೆಣೆಯಂಥ ಹೊಡೆತ ಬೀಳುವುದಿಲ್ಲ. ಅವುಗಳ ಹಿಂಬದಿಯಲ್ಲಿ ಸಣ್ಣ ರಂಧ್ರವಷ್ಟೇ ಇದ್ದು ಉಳಿದದ್ದೆಲ್ಲ ಗಟ್ಟಿಯಾಗಿದ್ದರೆ ಒಳ್ಳೆಯ ಫಿಲ್ಲಿಂಗ್ ಸಾಕು. ಅಂಥ ಹಲ್ಲಿಗೂ ‘ರೂಟ್ ಕೆನಾಲ್ ಆಯಿತು, ಕ್ಯಾಪ್ ಹಾಕಲೇಬೇಕು’ ಎಂದರೆ ಏಕೆಂದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಭಯದಲ್ಲೂ ಒಂದು ಸತ್ಯವಿದೆ: ಪೂರ್ತಿ ಕ್ಯಾಪ್‌ಗಾಗಿ ಹಲ್ಲನ್ನು ಸುತ್ತಲೂ ಸವೆಸುವಾಗ ಹೊರಗೆ ಕಾಣುವ ಭಾಗದ ಅರ್ಧಕ್ಕಿಂತ ಹೆಚ್ಚು ಹೋಗಿಬಿಡಬಹುದು, ಮತ್ತು ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಪಕ್ಕದ ಗೋಡೆಗಳು ಇನ್ನೂ ದಪ್ಪವಾಗಿದ್ದರೆ ದಿಬ್ಬಗಳನ್ನಷ್ಟೇ ಮುಚ್ಚುವ ಆನ್‌ಲೇ ಎಂಬುದನ್ನು ಅಂಟಿಸಬಹುದು. ಅದಕ್ಕೆ ಸವೆತ ಕಡಿಮೆ, ರಕ್ಷಣೆಯ ತತ್ತ್ವ ಅದೇ. ಆನ್‌ಲೇ ಸಾಧ್ಯವಿರುವ ಕಡೆ ನಾನು ಅದರ ಪರ.

ಮಾಡಿಸಿಕೊಳ್ಳುವುದು ಹೇಗಿರುತ್ತದೆಂಬ ಅಳುಕಿದ್ದರೆ, ರೂಟ್ ಕೆನಾಲ್ ದಾಟಿ ಬಂದವರಿಗೆ ಇದು ಹಗುರವೇ. ಮೊದಲ ಸಲ ಹುಳುಕು, ಹಳೆಯ ಫಿಲ್ಲಿಂಗ್ ತೆಗೆದು, ಕಟ್ಟಬೇಕಾದಲ್ಲಿ ಕಟ್ಟಿ, ಹಲ್ಲನ್ನು ಮೇಲಕ್ಕೆ ತುಸು ಕಿರಿದಾಗುವಂತೆ ಸವೆಸುತ್ತಾರೆ. ಕಚ್ಚುವ ಮೇಲ್ಮೈಯಿಂದ ತೆಗೆಯುವುದು ವಸ್ತುವನ್ನು ಅವಲಂಬಿಸಿ 1ರಿಂದ 2 ಮಿಲಿಮೀಟರ್. ಹಲ್ಲಿನೊಳಗೆ ನರವಿಲ್ಲದಿದ್ದರೂ ಒಸಡಿಗೆ ನೋವಾಗುವುದರಿಂದ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಬಳಿಕ ಮೆತ್ತನೆಯ ಸಿಲಿಕೋನ್‌ನಲ್ಲಿ ಅಚ್ಚು ತೆಗೆದೋ ಪುಟ್ಟ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿಯೋ ಲ್ಯಾಬ್‌ಗೆ ಕಳಿಸುತ್ತಾರೆ. ಕ್ಯಾಪ್ ಬರಲು ಸಾಮಾನ್ಯವಾಗಿ ಒಂದೆರಡು ವಾರ. ಸ್ಕ್ಯಾನ್ ಮಾಡಿ ಅಲ್ಲಿಯೇ ಕಡೆದು ಅದೇ ದಿನ ಕೂರಿಸುವ ಯಂತ್ರಗಳೂ ಇವೆ. ಕಾಯುವ ದಿನಗಳಿಗೆ ತಾತ್ಕಾಲಿಕ ಕ್ಯಾಪ್ ಹಾಕುತ್ತಾರೆ. ಅಂಟಂಟಾದ ತಿಂಡಿ ಅದನ್ನು ಕಿತ್ತು ತರುತ್ತದೆ. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಬಳಸುವಾಗ ಅದನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಎಳೆದು ತೆಗೆಯಿರಿ. ಕಳಚಿದರೆ ವೈದ್ಯರಿಗೆ ಹೇಳಿ, ಮನೆಯಲ್ಲಿರುವ ಗಮ್‌ನಿಂದ ಮಾತ್ರ ಅಂಟಿಸಿಕೊಳ್ಳಬೇಡಿ.

ಯಾವ ಕ್ಯಾಪ್ ಒಳ್ಳೆಯದು? ಇದಕ್ಕೆ ಒಂದೇ ಉತ್ತರ ಇಲ್ಲ. ಚಿನ್ನದ ಮಿಶ್ರಲೋಹ ಹಿಂದಿನ ಹಲ್ಲುಗಳಿಗೆ ಇವತ್ತಿಗೂ ಅತ್ಯುತ್ತಮ: ತೆಳುವಾಗಿದ್ದರೂ ಬಾಳಿಕೆ ಬರುತ್ತದೆ, ಎದುರು ಹಲ್ಲನ್ನು ಸವೆಸುವುದಿಲ್ಲ. ಬಣ್ಣವೊಂದೇ ಅದರ ಕೊರತೆ. ಲೋಹದ ಮೇಲೆ ಪಿಂಗಾಣಿ ಬೆಸೆದ ಕ್ಯಾಪ್‌ಗಳು 1962ರ ಪೇಟೆಂಟ್‌ಗಳ ನಂತರ ಜಗತ್ತಿನ ಎಲ್ಲ ಕಡೆ ಹಬ್ಬಿದವು. ಗಟ್ಟಿಯೇ, ಆದರೆ ಪಿಂಗಾಣಿ ಚಕ್ಕೆ ಏಳಬಹುದು, ಒಸಡು ಇಳಿದಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಕೆಲವು ಅಗ್ಗದ ಲೋಹಗಳಲ್ಲಿ ನಿಕ್ಕಲ್ ಇರುತ್ತದೆ. ನಿಕ್ಕಲ್ ಒಡವೆಯಿಂದ ನಿಮಗೆ ತುರಿಕೆ ಆಗುತ್ತಿದ್ದರೆ ಮೊದಲೇ ಹೇಳಿ. ಜಿರ್ಕೋನಿಯಾ ಎಂಬುದು ಲೋಹದ ಬಣ್ಣವಿಲ್ಲದ ಬಹಳ ಗಟ್ಟಿ ವಸ್ತು. ಗಾಜಿನಂತೆ ಬೆಳಕು ಹಾಯುವ, ಮುಂದಿನ ಹಲ್ಲುಗಳಿಗೆ ಚೆಂದ ಕಾಣುವ ಲಿಥಿಯಂ ಡೈಸಿಲಿಕೇಟ್‌ಗಿಂತ ಮೂಲ ಬಗೆಯ ಜಿರ್ಕೋನಿಯಾದ ಬಲ ಸುಮಾರು ಎರಡು ಪಟ್ಟು. ಹೆಚ್ಚು ಪಾರದರ್ಶಕವಾಗಿ ಮಾಡಿದ ಜಿರ್ಕೋನಿಯಾದಲ್ಲಿ ಆ ಬಲ ಕಡಿಮೆ. ನಿಮ್ಮ ಹಿಂದಿನ ದವಡೆ ಹಲ್ಲಿಗೆ ಜಿರ್ಕೋನಿಯಾ ಒಳ್ಳೆಯ ಆಯ್ಕೆ. ಒಂದು ಎಚ್ಚರವಿರಲಿ: ಎತ್ತರ ಸರಿಮಾಡಲು ಅದನ್ನು ಬಾಯಲ್ಲಿ ಉಜ್ಜಿದರೆ ಮತ್ತೆ ನುಣುಪಾಗಿ ಪಾಲಿಶ್ ಮಾಡಲೇಬೇಕು, ತರಿತರಿಯಾದ ಜಿರ್ಕೋನಿಯಾ ಎದುರು ಹಲ್ಲನ್ನು ಮರಳು ಕಾಗದದಂತೆ ತಿನ್ನುತ್ತದೆ.

ಅಂಟಿಸುವ ದಿನ ಆತುರಪಡಬೇಡಿ. ಸಿಮೆಂಟ್ ಹಾಕುವ ಮುಂಚೆ ಕ್ಯಾಪ್ ಕೂರಿಸಿ ನೋಡುತ್ತಾರೆ: ಅಂಚು ಹಲ್ಲಿಗೆ ಸರಿಯಾಗಿ ಸೇರಿದೆಯೇ, ಪಕ್ಕದ ಹಲ್ಲಿಗೆ ತಾಗಿದೆಯೇ, ಬಣ್ಣದ ಕಾಗದ ಕಚ್ಚಿಸಿದಾಗ ಗುರುತು ಎಲ್ಲೆಲ್ಲಿ ಬೀಳುತ್ತಿದೆ. ಎತ್ತರ ಅನಿಸಿದರೆ ಆಗಲೇ ಹೇಳಿ. ಮನೆಗೆ ಹೋದ ಮೇಲೆ, ಮರಗಟ್ಟಿದ್ದು ಬಿಟ್ಟಾಗ ಗೊತ್ತಾದರೂ ಮರಳಿ ಹೋಗಿ ಸರಿಮಾಡಿಸಿಕೊಳ್ಳಿ. ದಿನ ಕಳೆದಂತೆ ರೂಢಿಯಾಗುತ್ತದೆ ಎಂದು ಸುಮ್ಮನಿದ್ದರೆ ಹಲ್ಲಿನ ಬುಡ, ದವಡೆ ಕೀಲು ಎರಡೂ ನೋಯುತ್ತವೆ.

ಹಾಕಿಸಿಕೊಂಡ ಮೇಲೆ ಎಷ್ಟು ವರ್ಷ? ಐದು ವರ್ಷ ಕಳೆದಾಗ ನೂರರಲ್ಲಿ 90ಕ್ಕೂ ಹೆಚ್ಚು ಕ್ಯಾಪ್‌ಗಳು ಉಳಿದಿರುತ್ತವೆ. 10ರಿಂದ 15 ವರ್ಷ ಬಾಳುವುದು ಸಾಮಾನ್ಯ, ಅದಕ್ಕೂ ಹೆಚ್ಚು ಬಾಳಿದವು ಬೇಕಾದಷ್ಟಿವೆ. ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ. ಆದರೆ ಕ್ಯಾಪ್ ಮುಗಿದು ನಿಮ್ಮ ಹಲ್ಲು ಶುರುವಾಗುವ, ಒಸಡಿಗೆ ಅಂಟಿದ ಆ ಗೆರೆಯಿದೆಯಲ್ಲ, ಹುಳುಕು ಒಳಗೆ ತೂರುವುದು ಅಲ್ಲಿಂದ. ಬ್ರಷ್‌ನ ಎಳೆಗಳು ಆ ಗೆರೆಯನ್ನು ಮುಟ್ಟಬೇಕು, ಪಕ್ಕದ ಸಂದಿಗೆ ದಿನಕ್ಕೊಮ್ಮೆ ಫ್ಲಾಸ್ ಅಥವಾ ಸಂದಿ ಬ್ರಷ್ ಇಳಿಯಬೇಕು. ಒಳಗೆ ನರವಿಲ್ಲದ್ದರಿಂದ ಹುಳುಕು ನಿಮಗೆ ತಿಳಿಯದು. ವೈದ್ಯರು ನೋಡಿ, ಬೇಕಾದಾಗ ಎಕ್ಸ್‌ರೇ ತೆಗೆದೇ ಹೇಳಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ರಾತ್ರಿ ತೊಡುವ ಗಾರ್ಡ್ ಮಾಡಿಸಿಕೊಳ್ಳಿ, ಆ ಕಡಿತಕ್ಕೆ ಯಾವ ಕ್ಯಾಪೂ ಬಹುಕಾಲ ತಾಳಲಾರದು.

ನಿಮ್ಮ ಹಲ್ಲಿನ ಬಗ್ಗೆ ವೈದ್ಯರನ್ನು ಮೂರು ವಿಷಯ ಕೇಳಿ: ಒಸಡಿನ ಮೇಲೆ ಗಟ್ಟಿ ಹಲ್ಲು ಸುತ್ತಲೂ ಎಷ್ಟು ಎತ್ತರ ಉಳಿದಿದೆ, ಎರಡು ಬದಿಯ ದಂಡೆಗಳು ಇವೆಯೇ, ಆನ್‌ಲೇ ಸಾಕಾಗುತ್ತದೆಯೇ. ಆ ಉತ್ತರಗಳನ್ನು ಕೇಳಿದ ಮೇಲೆ ಕ್ಯಾಪ್ ಏಕೆಂದು ನಿಮಗೇ ಕಾಣುತ್ತದೆ. ಕಚ್ಚಿ ಬಿಡುವಾಗ ಚುಳ್ಳೆನ್ನುತ್ತಿದ್ದರೆ, ಒಸಡಿನಲ್ಲಿ ಸಣ್ಣ ಗುಳ್ಳೆ ಎದ್ದು ಮಾಯವಾಗುತ್ತಿದ್ದರೆ ನಿಗದಿಯಾದ ದಿನದ ತನಕ ಕಾಯದೆ ಈ ವಾರವೇ ತೋರಿಸಿ. ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ ಅಗಿಯಿರಿ.