ಲಾರಿ ತೆರಿಗೆ: ಚೆಕ್‌ಪೋಸ್ಟಿನಿಂದ ಡೀಸೆಲ್ ಟ್ಯಾಂಕಿಗೆ

ಹಳೆಯ ಲಾರಿಗಳ ಕ್ಯಾಬಿನ್ನಿನಲ್ಲಿ, ದೇವರ ಪಟದ ಪಕ್ಕದಲ್ಲೇ, ಒಂದು ರೆಕ್ಸಿನ್ ಚೀಲ ಸಿಕ್ಕಿಸಿರುತ್ತಿತ್ತು. ಆರ್‌ಸಿ, ಎಫ್‌ಸಿ, ವಿಮೆ, ಪರ್ಮಿಟ್, ಯಾವ ರಾಜ್ಯಕ್ಕೆ ಎಷ್ಟು ಕಟ್ಟಿದೆ ಎಂಬ ರಸೀದಿಗಳು. ಮಡಿಸಿ ಮಡಿಸಿ ಗೆರೆಯಲ್ಲೇ ಹರಿದ ಕಾಗದಗಳು. ಈಗ ಆ ಚೀಲದ ಬಹುಪಾಲು ಮೊಬೈಲಿನೊಳಗೆ ಸೇರಿಕೊಂಡಿದೆ. ತೆರಿಗೆ ಎಲ್ಲಿ ಸೇರಿಕೊಂಡಿತು ಎಂಬುದು ಇನ್ನೊಂದು ಕಥೆ.

ಪರ್ಮಿಟ್ ಹುಟ್ಟಿದ್ದು ರೈಲಿನ ಆದಾಯದ ಚಿಂತೆಯಿಂದ. ಸರಕೆಲ್ಲ ರಸ್ತೆಗೆ ಇಳಿದರೆ ರೈಲ್ವೆಯ ಗತಿಯೇನು ಎಂದು ಬ್ರಿಟಿಷ್ ಸರ್ಕಾರ ಯೋಚಿಸಿತು. 1939ರ ಮೋಟಾರು ವಾಹನ ಕಾಯ್ದೆ ಲಾರಿಗೆ ಮೂಗುದಾರ ಹಾಕಿತು. ಒಂದು ಪ್ರದೇಶದ ಪರ್ಮಿಟ್ ಇನ್ನೊಂದರಲ್ಲಿ ನಡೆಯಬೇಕಾದರೆ ಅಲ್ಲಿನ ಪ್ರಾಧಿಕಾರದ ಮೇಲುಸಹಿ ಬೇಕಾಗಿತ್ತು. ಇಂಧನದ ಮೇಲಿನ ರಸ್ತೆ ಸುಂಕ ಇದಕ್ಕಿಂತ ಹತ್ತು ವರ್ಷ ಹಿರಿಯದು. ಎಂ.ಆರ್. ಜಯಕರ್ ಸಮಿತಿಯ ಶಿಫಾರಸಿನಂತೆ 1929ರಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ ಎರಡು ಆಣೆ ಹೆಚ್ಚಿಗೆ ವಸೂಲಿ ಮಾಡಿ ರಸ್ತೆ ನಿಧಿಗೆ ಹಾಕತೊಡಗಿದರು.

ಸ್ವಾತಂತ್ರ್ಯದ ನಂತರವೂ ವಾಹನ ತೆರಿಗೆ ರಾಜ್ಯಗಳ ಪಾಲಿನಲ್ಲೇ ಇತ್ತು. ಹಾಗಾಗಿ ಗಡಿ ದಾಟಿದಲ್ಲೆಲ್ಲ ಹೊಸದೊಂದು ಖಜಾನೆ ಕೈಚಾಚಿ ನಿಂತಿರುತ್ತಿತ್ತು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದರೂ ಹೆಸರಿನಷ್ಟು ದೊಡ್ಡದಾಗಿರಲಿಲ್ಲ. ಮಾಲೀಕ ಬೇಕಾದ ರಾಜ್ಯಗಳನ್ನು ಆರಿಸಿ, ಒಂದೊಂದಕ್ಕೂ ಬೇರೆ ಬೇರೆ ಶುಲ್ಕದ ಡಿ.ಡಿ. ತೆಗೆಸಬೇಕಾಗಿತ್ತು. ಗುಜರಾತಿಗೆ ಕಟ್ಟಿಲ್ಲದ ಲಾರಿಗೆ ಸೂರತ್ತಿನ ಲೋಡು ಸಿಕ್ಕರೂ ಕೈಬಿಡಬೇಕು.

ಈ ಗೋಜಲು ಬಿಡಿಸಿದ್ದು 2010ರ ಮೇ ತಿಂಗಳ ಬದಲಾವಣೆ. ವರ್ಷಕ್ಕೆ 15,000 ರೂಪಾಯಿ ಕಟ್ಟಿದರೆ ಇಡೀ ದೇಶಕ್ಕೆ ಒಂದೇ ಪರ್ಮಿಟ್. ಹಣವನ್ನು ರಾಜ್ಯಗಳು ತಮ್ಮೊಳಗೆ ಹಂಚಿಕೊಳ್ಳಬೇಕು. ಶುಲ್ಕ ಮುಂದೆ 16,500ಕ್ಕೆ ಏರಿತು. ಲಾರಿ ಉದ್ಯಮಕ್ಕಾದ ಸುಧಾರಣೆಗಳಲ್ಲಿ ಇದಕ್ಕಿಂತ ದೊಡ್ಡದು ನನ್ನ ಮಟ್ಟಿಗೆ ಮತ್ತೊಂದಿಲ್ಲ. ಎಲ್ಲ ಕಟ್ಟುಪಾಡೂ ಹೋಗಲಿಲ್ಲವೆನ್ನಿ: ಹೊರರಾಜ್ಯದಲ್ಲಿ ಲೋಡು ಮಾಡಿ ಅದೇ ರಾಜ್ಯದೊಳಗೆ ಇಳಿಸುವಂತಿಲ್ಲ. ಇಬ್ಬರು ಚಾಲಕರಿರಲೇಬೇಕು ಎಂಬ ನಿಯಮ 2018ರವರೆಗೂ ಇತ್ತು. ಎರಡನೆಯವನಿಗೆ ಸಂಬಳ ಕೊಡುವಷ್ಟು ಬಾಡಿಗೆ ಹುಟ್ಟದ ಕಾರಣ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿದಿತ್ತು.

ಸರಕಿನ ತೆರಿಗೆಯೂ ಹೀಗೆಯೇ ಗೇಟಿನಿಂದ ಕದಲಿತು. ಊರೊಳಗೆ ಬರುವ ಸರಕಿನ ಮೇಲೆ ಗೇಟಿನಲ್ಲೇ ವಸೂಲಾಗುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲಿ ತೆಗೆದು ಪ್ರವೇಶ ತೆರಿಗೆ ತಂದಿತು. ವ್ಯಾಟ್ ಕಾಲದಲ್ಲಿ, ಸರಕಿನ ವಿವರವನ್ನು ಮೊದಲೇ ಆನ್‌ಲೈನಿನಲ್ಲಿ ದಾಖಲಿಸುವ ಇ-ಸುಗಮ ಬಂತು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಮುಚ್ಚಿದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್, ಅಂದರೆ ಸರಕಿನ ಸಾಗಣೆಗೆ ಆನ್‌ಲೈನಿನಲ್ಲೇ ಪಡೆಯುವ ಚೀಟಿ. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ.

ಆದರೆ ಡೀಸೆಲ್ ಜಿಎಸ್‌ಟಿಯ ಹೊಸ್ತಿಲಾಚೆಯೇ ಉಳಿಯಿತು. ಕೇಂದ್ರಕ್ಕೆ ಅಬಕಾರಿ ಸುಂಕ, ರಾಜ್ಯಕ್ಕೆ ಮಾರಾಟ ತೆರಿಗೆ. ಎರಡನ್ನೂ ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಷ್ಟು ಏರುತ್ತಾ ಬಂದ ಡೀಸೆಲ್ ದರ 2014ರ ಅಕ್ಟೋಬರಿನಲ್ಲಿ ಸರ್ಕಾರದ ಹಿಡಿತದಿಂದ ಹೊರಬಂತು. ಅದೇ ಹೊತ್ತಿಗೆ ಕಚ್ಚಾತೈಲ ಅಗ್ಗವಾಯಿತು, ಮುಂದಿನ ಹದಿನೈದು ತಿಂಗಳಲ್ಲಿ ಅಬಕಾರಿ ಸುಂಕ ಒಂಬತ್ತು ಸಲ ಏರಿತು. 2020ರ ಮೇನಲ್ಲಿ ಲೀಟರಿಗೆ ಒಂದೇ ಏಟಿಗೆ 13 ರೂಪಾಯಿ. ಅಂದು ಬಂಕಿನ ಬೋರ್ಡಿನಲ್ಲಿ ಅಂಕಿ ಕದಲಲಿಲ್ಲ. ಇಳಿಯಬೇಕಿದ್ದದ್ದು ಇಳಿಯಲಿಲ್ಲ, ಅಷ್ಟೇ.

ಈ 13 ರೂಪಾಯಿಯನ್ನು ಲಾರಿಯ ಲೆಕ್ಕಕ್ಕೆ ತಂದು ನೋಡಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಲಾರಿ ಬೆಂಗಳೂರಿನಿಂದ ಮುಂಬೈ ಮುಟ್ಟಲು ಸುಮಾರು 250 ಲೀಟರ್ ಕುಡಿಯುತ್ತದೆ. ಅಂದರೆ ಒಂದು ಟ್ರಿಪ್ಪಿಗೆ 3,250 ರೂಪಾಯಿ. ಐದು ಟ್ರಿಪ್ಪಿಗೆ ಒಂದು ವರ್ಷದ ನ್ಯಾಷನಲ್ ಪರ್ಮಿಟ್ಟಿನ ದುಡ್ಡು ಹೆಚ್ಚುಕಡಿಮೆ ಕೈಬಿಟ್ಟಿತು. ಅದೂ ಒಂದು ಏರಿಕೆಯ ಬಾಬ್ತು. 2021ರ ನವೆಂಬರ್ ಮತ್ತು 2022ರ ಮೇನಲ್ಲಿ ಸುಂಕ ಇಳಿದದ್ದೂ ನಿಜ. ಆದರೆ ಡೀಸೆಲ್ ದರ 2017ರ ಜೂನ್‌ನಿಂದ ದಿನಕ್ಕೊಮ್ಮೆ ಬದಲಾಗಬಹುದು, ಒಪ್ಪಿಕೊಂಡ ಬಾಡಿಗೆ ಹಾಗೆ ಬದಲಾಗುವುದಿಲ್ಲ.

ಕರ್ನಾಟಕದ ಮಾರಾಟ ತೆರಿಗೆಯೂ ಇದೇ ಹಾದಿ ಹಿಡಿದಿದೆ. 2021ರ ನವೆಂಬರಿನಲ್ಲಿ ಶೇ 14.34ಕ್ಕೆ ಇಳಿದದ್ದು 2024ರ ಜೂನ್‌ನಲ್ಲಿ ಶೇ 18.44, 2025ರ ಏಪ್ರಿಲ್ 1ರಂದು ಶೇ 21.17. ಎರಡೇ ವಾರದಲ್ಲಿ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದರು, ಕೆಲವು ದಿನ ಲಾರಿಗಳು ನಿಂತಲ್ಲೇ ನಿಂತವು.

ಅಮೆರಿಕದಲ್ಲಿ ಇಂಧನವನ್ನು ಎಲ್ಲೇ ತುಂಬಿಸಲಿ, ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದೆ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುತ್ತಾರೆ. ತೆರಿಗೆ ಓಡಿದ ರಾಜ್ಯಕ್ಕೆ ಹೋಗುತ್ತದೆ. ನಮ್ಮಲ್ಲಿ ತುಂಬಿಸಿದ ರಾಜ್ಯಕ್ಕೇ ತೆರಿಗೆ. ಅಷ್ಟೆಲ್ಲ ಏರಿಕೆಯ ನಂತರವೂ 2025ರಲ್ಲಿ ಕೇರಳಕ್ಕಿಂತ ಇಲ್ಲಿ ಡೀಸೆಲ್ ಅಗ್ಗವಾಗಿತ್ತು. ಹಾಗಾಗಿ ತಲಪಾಡಿಯತ್ತ ಹೊರಟ ಚಾಲಕ ಗಡಿಗೆ ಮುನ್ನವೇ ಬಂಕಿಗೆ ತಿರುಗಿಸಿ, ಮುಚ್ಚಳದ ಅಂಚಿನವರೆಗೆ ತುಂಬಿಸಿಕೊಂಡು ಮುಂದೆ ಹೋಗುತ್ತಾನೆ.