ಸೈಟೊಕೈನ್ ಮತ್ತು ನೆನಪು: ಗೇಟ್ ದಾಟೋದು ಯಾರು?

ಸೈಟೊಕೈನ್ ಅಂದರೆ ರೋಗನಿರೋಧಕ ಜೀವಕೋಶಗಳು ಸುದ್ದಿ ಕಳಿಸಲು ಬಿಡುವ ಪುಟ್ಟ ಪ್ರೋಟೀನ್. ಸದ್ಯಕ್ಕೆ ಐಎಲ್-1 ಬೀಟಾ, ಐಎಲ್-6 (ಐಎಲ್ ಅಂದರೆ ಇಂಟರ್‌ಲ್ಯೂಕಿನ್), ಟಿಎನ್‌ಎಫ್ ಆಲ್ಫಾ ಎಂಬ ಮೂರು ಹೆಸರು ಗೊತ್ತಿದ್ದರೆ ಸಾಕು.

ಮಳೆಗಾಲದಲ್ಲಿ ಡೆಂಗಿ ಬಂದು ಮಲಗಿದವರನ್ನು ಮೈಸೂರಲ್ಲಿ ಎಲ್ಲರೂ ನೋಡಿರುತ್ತೇವೆ. ಊಟ ಬೇಡ, ಮಾತು ಬೇಡ, ಓದಿದ್ದು ತಲೆಗೆ ಹತ್ತಲ್ಲ. ಹೀಗಾಗಲು ಮೆದುಳಿಗೇ ಸೋಂಕು ತಗುಲಬೇಕಿಲ್ಲ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆ ಅಣು ಒಂದನ್ನೇ ಚುಚ್ಚಿದರೂ ಇಲಿಗಳು ಮುದುಡಿ ಕೂರುತ್ತವೆ.

ಮೈಸೂರು ವಿವಿಯ ಮಾನಸಗಂಗೋತ್ರಿಯಲ್ಲಿ ನಮ್ಮ ಓದಿನ ಗುಂಪು ಸಿಕ್ಕಿಹಾಕಿಕೊಂಡಿದ್ದು ಇಲ್ಲಿ. ಐಎಲ್-1 ಬೀಟಾ ಸುಮಾರು 17 ಕಿಲೋಡಾಲ್ಟನ್ ತೂಕದ್ದು, ಅಂದರೆ ಗೋಡೆ ನುಸುಳಲು ತೀರಾ ದೊಡ್ಡ ಅಣು. ರಕ್ತದಲ್ಲಿರೋದೆಲ್ಲ ಮೆದುಳಿಗೆ ನುಗ್ಗದಂತೆ ಕಾಯುವ ರಕ್ತ-ಮೆದುಳು ತಡೆಗೋಡೆಯಲ್ಲಿ ತಾನಾಗಿ ನುಸುಳೋದು ಕೊಬ್ಬಿನಲ್ಲಿ ಕರಗುವ ಚಿಕ್ಕ ಅಣುಗಳು. ಹಾಗಾದರೆ ಇದು ಒಳಗೆ ಹೋಗೋದು ಹೇಗೆ? ವಾಹಕಗಳ ಮೂಲಕ ಸ್ವಲ್ಪ ಹೋಗುತ್ತದೆ, ಆದರೆ ಮುಖ್ಯವಾಗಿ ಒಳಗೆ ಹೋಗೋದು ಸುದ್ದಿ. ಲೇಡೀಸ್ ಹಾಸ್ಟೆಲ್‌ಗೆ ಬಂದ ಅಣ್ಣ ಗೇಟಿನಲ್ಲೇ ನಿಲ್ಲುತ್ತಾನೆ, ವಾಚ್‌ಮನ್ ಒಳಗೆ ಹೇಳಿ ಕಳಿಸುತ್ತಾನೆ ಅಲ್ವಾ, ಹಾಗೆ.

ಇಲ್ಲಿ ವಾಚ್‌ಮನ್ ರಕ್ತನಾಳದ ಒಳಗೋಡೆಯ ಜೀವಕೋಶ. ರಕ್ತದ ಕಡೆಯಿಂದ ಸೈಟೊಕೈನ್ ಅಂಟಿಕೊಂಡ ಕೂಡಲೇ ಅದರಲ್ಲಿ ಕಾಕ್ಸ್-2 ಕಿಣ್ವ ಹೆಚ್ಚುತ್ತದೆ, ಪ್ರೋಸ್ಟಾಗ್ಲಾಂಡಿನ್ ಇ2 ತಯಾರಾಗುತ್ತದೆ. ಅದು ಪುಟ್ಟ ಕೊಬ್ಬಿನ ಅಣು, ಮೆದುಳಿನ ಕಡೆ ಹೊರಡುತ್ತದೆ. ಮೈ ಬಿಸಿಯನ್ನು ಹದದಲ್ಲಿಡುವ ಹೈಪೋಥಾಲಮಸ್‌ಗೆ ಮುಟ್ಟಿದರೆ ಜ್ವರ. ಪ್ಯಾರಾಸಿಟಮಾಲ್ ತಡೆಯೋದು ಈ ತಯಾರಿಕೆಯನ್ನೇ. ಇನ್ನೊಂದು ದಾರಿ ಹೊಟ್ಟೆಯ ಕಡೆಯ ಸುದ್ದಿಯನ್ನು ಮೆದುಳಿಗೆ ಒಯ್ಯುವ ವೇಗಸ್ ನರ. ಅದನ್ನು ಕತ್ತರಿಸಿದ ಇಲಿಯ ಹೊಟ್ಟೆಗೆ ಐಎಲ್-1 ಚುಚ್ಚಿದರೆ ಮಂಕು ಅಷ್ಟಾಗಿ ಕವಿಯಲ್ಲ.

ಸುದ್ದಿ ಮುಟ್ಟಿದ ಮೇಲೆ ಮೆದುಳಿನ ರೋಗನಿರೋಧಕ ಜೀವಕೋಶಗಳಾದ ಮೈಕ್ರೋಗ್ಲಿಯಾ ತಾವೇ ಹೊಸದಾಗಿ ಐಎಲ್-1 ಮಾಡುತ್ತವೆ. ಈ ಸಾಲಿಗೆ ಅಡಿಗೆರೆ ಹಾಕಿ, ಇದು ಹೊಳೆದರೆ ಉಳಿದದ್ದು ಸಲೀಸು.

ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನಲ್ಲಿ ಐಎಲ್-1 ಗ್ರಾಹಕಗಳು, ಅಂದರೆ ಅದು ಬಂದು ಅಂಟುವ ಪ್ರೋಟೀನ್‌ಗಳು, ಜಾಸ್ತಿ. ಐಎಲ್-1 ಉಕ್ಕಿದರೆ ಎಲ್‌ಟಿಪಿ, ಅಂದರೆ ನರಸಂಧಿ ಗಟ್ಟಿಯಾಗೋ ಕೆಲಸ, ಕುಂಟುತ್ತದೆ. ಆದರೆ ಅದರ ಗ್ರಾಹಕವೇ ಇಲ್ಲದ ಇಲಿಗಳೂ ಕಲಿಕೆಯಲ್ಲಿ ಹಿಂದೆ. ಹಾಗಾಗಿ ಗ್ರಾಫ್ ಗುಡ್ಡದ ಆಕಾರ: ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಟಿಎನ್‌ಎಫ್ ಬಗ್ಗೆ ಒಂದೇ ಮಾತು: ಗ್ಲಿಯಾ (ನರಕೋಶಗಳಿಗೆ ನೆರವಾಗುವ ಜೀವಕೋಶಗಳು) ಬಿಡುವ ಇದು ನರಸಂಧಿಗಳ ಒಟ್ಟು ಬಲವನ್ನು ಹದದಲ್ಲಿಡುತ್ತದೆ ಅಂತ 2006ರಲ್ಲಿ ತೋರಿಸಿದರು.

ನನಗೆ ಇಷ್ಟವಾದ ಪ್ರಯೋಗ ಹೆದರಿಕೆಯದು. ಒಂದು ಪೆಟ್ಟಿಗೆಯಲ್ಲಿ ಶಬ್ದ ಕೇಳಿಸಿ ಇಲಿಗೆ ಶಾಕ್ ಕೊಡುತ್ತಾರೆ, ಆಮೇಲೆ ಎಲ್‌ಪಿಎಸ್ ಚುಚ್ಚುತ್ತಾರೆ. ಮುಂದೆ ಶಬ್ದ ಕೇಳಿದರೆ ಅದು ಎಂದಿನಂತೆ ಹೆದರಿ ನಿಲ್ಲುತ್ತದೆ. ಅದೇ ಪೆಟ್ಟಿಗೆಯಲ್ಲಿ ಸುಮ್ನೆ ಬಿಟ್ಟರೆ ಹೆದರಿಕೆ ಕಡಿಮೆ. ಶಬ್ದದ ನೆನಪಿಗೆ ಹೆದರಿಕೆ ಕಲಿಯುವ ಅಮಿಗ್ಡಲಾ ಸಾಕು, ಜಾಗದ ನೆನಪಿಗೆ ಹಿಪೊಕ್ಯಾಂಪಸ್ಸೂ ಬೇಕು; ಪೆಟ್ಟು ಬಿದ್ದದ್ದು ಅದಕ್ಕೆ.